ಮೊಣಕೈ ಆಳ

ಟೊಂಕದ ತುದಿಯಲ್ಲಿ, ಶರಾವತಿ ಕಡಲಿಗೆ ಬಾಯಿ ಕೊಡುವಲ್ಲಿ,
ಹೊಯ್ಗೆ ದಿಬ್ಬದ ನೆತ್ತಿ ಮೇಲೆ ಕೂತು
ಇನಾಸ ಮತ್ತೆ ಶುರು ಮಾಡುತ್ತಾನೆ:
'ಇದೂ ಒಂದು ದಿಬ್ಬವಾ ಮಾರಾಯ್ತಿ!
ಅಲ್ಲಿಯದು ನೋಡಬೇಕಿತ್ತು ನೀನು.
ಅಪ್ಸರಕೊಂಡದ ಗುಡ್ಡ ಒಂದರ ಮೇಲೊಂದು ನಾಲ್ಕು ಇಟ್ಟರೆ
ಅದರ ಸೊಂಟಕ್ಕೆ ಬಂದೀತು.'

ಹತ್ತೊಂಬತ್ತು ವರ್ಷ ನೀರಿನ ಟ್ಯಾಂಕರು ಓಡಿಸಿದವ,
ಕೆಂಡದ ಬಣ್ಣದ ಮರಳಲ್ಲಿ,
ರಸ್ತೆಯೇ ರಾತ್ರಿ ಎದ್ದು ಬೇರೆ ಕಡೆ ಮಲಗುವ ಊರಲ್ಲಿ.
ಊರಲ್ಲ, ಊರೇ ಇಲ್ಲದಲ್ಲಿ.

'ದಿಬ್ಬ ದಿಬ್ಬದ ನಡುವೆ ಕೆರೆ, ಬೀರಮ್ಮ.
ಬಿಸಿಲ್ಗುದುರೆ ಅಲ್ಲ,
ಟಯರು ತೊಳೆದಿದ್ದೇನೆ ಅದರಲ್ಲಿ.
ಒಂದು ನೀಲಿ. ಒಂದಕ್ಕೆ ಮುರುಗಲು ಪಾನಕದ ಬಣ್ಣ.
ಬಾಯಿಗಿಟ್ಟರೆ ಒಣಮೀನು ಅದ್ದುವ ಪೀಪಾಯಿಯ ನೀರೇ.
ದಂಡೆಯಲ್ಲಿ ಮಾತ್ರ ಕಿರುಬೆರಳು ದಪ್ಪದ ಒಂದು ಒರತೆ,
ಅದು ಸಿಹಿ.
ಮಳೆ ಕಾಣದ ನೆಲ, ಹೊಳೆ ಇಲ್ಲ,
ಎಲ್ಲಿಂದ ಬಂತು ಆ ನೀರು?
ಎಂಜಿನಿಯರನ್ನೂ ಕೇಳಿದೆ. ಅವನೂ ಕೈ ಮೇಲೆತ್ತಿದ.'

ನಾನು ಬಂಗುಡೆ ಮಗುಚುತ್ತಾ ಹೂಂ ಅನ್ನುತ್ತೇನೆ.
ಬಿಸಿಲು ಒಂದೇ ಮಗ್ಗುಲು ತಿಂದರೆ ಮೀನಿನ ಬೆಲೆ ಬೀಳುತ್ತದೆ.

ನಮ್ಮ ದಿಬ್ಬಕ್ಕೆ ಅಷ್ಟು ಎತ್ತರ ಇಲ್ಲ, ಸರಿ.
ಆದರೆ ಇದೂ ನಡೆಯುತ್ತದೆ.
ನಾನು ಮದುವೆಯಾಗಿ ಬಂದ ವರ್ಷ ಗಾಳಿಮರದ ಆಚೆ ಇತ್ತು,
ಈಗ ಜಟ್ಟಿಯ ಬಲೆಮನೆಯ ಹೊಸಿಲಲ್ಲಿ ಕೂತು
ಒಳಗೆ ಬರಲೋ ಎಂದು ಕೇಳುತ್ತಿದೆ.
ರಾವಣನ ಮೀಸೆ ಹುಲ್ಲು ಅದರ ಕಾಲು ಹಿಡಿದಿದೆ,
ಅಡಂಬು ಬಳ್ಳಿ ನೇರಳೆ ಹೂ ತೋರಿಸಿ ಸಮಾಧಾನ ಹೇಳುತ್ತದೆ.
ಗಾಳಿ ಕೇಳಬೇಕಲ್ಲ.
ದಿನಾ ಮಧ್ಯಾಹ್ನ ಕಿವಿ ಹಿಂಡಿ ಎಬ್ಬಿಸುತ್ತದೆ.

ಕೆರೆಯೂ ಉಂಟು.
ಮಳೆ ಬಿಟ್ಟ ಮೇಲೆ ಎರಡು ದಿಬ್ಬದ ನಡುವಿನ ಕುಳಿಯಲ್ಲಿ
ಬೀಸುಬಲೆಯಗಲದ ನೀರು,
ಅದರಲ್ಲಿ ಆಕಾಶ, ಗೊದಮೊಟ್ಟೆ, ಒಂದು ಸಲ ಯಾರದೋ ಹರಿದ ಚಪ್ಪಲಿ.
ಶಿವರಾತ್ರಿಗೆ ಮುಂಚೆ ಹೊಯ್ಗೆ ಅದನ್ನು ಮಡಚಿ
ಒಳಗಿಟ್ಟುಕೊಳ್ಳುತ್ತದೆ.

ಎಲ್ಲಿಟ್ಟಿತು ಅಂತ ಅತ್ತೆ ತೋರಿಸಿದ್ದಳು.
ಗೆರಟೆ ಕೈಗೆ ಕೊಟ್ಟು 'ತೋಡು' ಅಂದಳು.
ಮೇಲಿನ ಗೇಣು ಸುಡುತ್ತಿತ್ತು,
ಅದರಡಿ ತಂಪು, ಬೆಕ್ಕಿನ ಮೂಗಿನ ಹಾಗೆ.
ಮೊಣಕೈ ಮುಳುಗುವಾಗ ಹೊಯ್ಗೆ ಕಣ್ಣು ಬಿಟ್ಟಿತು.
ಮೂವತ್ತು ಹೆಜ್ಜೆ ಆಚೆ ಕಡಲು ಬೊಬ್ಬೆ ಹೊಡೆಯುತ್ತಿರುವಾಗ
ಸಿಹಿ!
ಇನ್ನೂ ಬೇಕೆಂದು ಹೆಗಲ ತನಕ ಕೈ ಇಳಿಸಿದೆ.
ಉಪ್ಪು ಬಂತು.
ಆಮೇಲೆ ಎಷ್ಟು ಮೊಗೆದರೂ ಉಪ್ಪೇ.
'ಉಪ್ಪಿನ ಬೆನ್ನ ಮೇಲೆ ಸಿಹಿ ಮಲಗಿರ್ತದೆ,
ಕೆಳಗಿನವನ್ನ ಎಬ್ಬಿಸಬಾರ್ದು' ಅಂದ ಅತ್ತೆ
ಕುಳಿ ಮುಚ್ಚಿ, ಖಾಲಿ ಕೊಡ ಸೊಂಟಕ್ಕಿಟ್ಟು ನಡೆದಳು.
ದಾರಿಯಲ್ಲಿ ಬೈಯಲಿಲ್ಲ. ಅದೇ ಹೆಚ್ಚು ನೆನಪು.

ಈ ವರ್ಷ ರಾತ್ರಿ ಯಾರೋ ಬಂದು
ದಿಬ್ಬದ ಒಂದು ಹೆಗಲು ಹೊತ್ತೊಯ್ದಿದ್ದಾರೆ.
ಗುರುತು ನೋಡಿ ಇನಾಸ ಹೇಳಿದ:
'ಹತ್ತು ಚಕ್ರದ್ದು. ತುಂಬಿಸಿಕೊಂಡೇ ಹೋಗಿದೆ.'
ಆಮೇಲೆ ವಾರಗಟ್ಟಲೆ
ಆ ಮರುಭೂಮಿಯ ಮಾತೆತ್ತಲಿಲ್ಲ.

ಅವನ ಬಾವಿ ಉಪ್ಪಾಗಿ ಎರಡು ಬೇಸಿಗೆ.
ಲೆಕ್ಕವಿಲ್ಲದಷ್ಟು ಲೀಟರು ಸಿಹಿನೀರು ಸಾಗಿಸಿದವ
ಇವತ್ತು ಸಂಜೆ ಪ್ಲಾಸ್ಟಿಕ್ ಕೊಡ ಬೆನ್ನ ಹಿಂದೆ ಅಡಗಿಸಿ
ನಮ್ಮ ದಣಪೆಯಲ್ಲಿ ನಿಂತಿದ್ದ,
ಹವೆಯ ಬಗ್ಗೆ ಮಾತಾಡುತ್ತಾ.

ಬಾ ಅಂದೆ. ಅತ್ತೆಯ ಗೆರಟೆಯನ್ನೇ ಕೊಟ್ಟೆ.
ಮೊಣಕಾಲೂರಿ ತೋಡಿದ.
ಮೊಣಕೈಗೆ ಇನ್ನೂ ನಾಲ್ಕು ಬೆರಳಿತ್ತು,
ಆಗಲೇ ಒದ್ದೆ.
ನಾಲಿಗೆಗಿಟ್ಟು ಸುಮ್ಮನಾದ.
ರುಚಿ ಏನೆಂದು ನಾನು ಕೇಳಲಿಲ್ಲ.

'ಇನ್ನೂ ಕೆಳಗೆ?' ಅಂದ.
ಬೇಡ ಅಂದೆ.
ಕುಳಿಯಂಚಲ್ಲಿ ಒಂದು ಬಿಳಿ ಏಡಿ
ಎರಡೂ ಕಣ್ಣು ನಿಮಿರಿಸಿ
ಗೆರಟೆಯನ್ನೇ ನೋಡುತ್ತಿತ್ತು.