ಕೂಳೆ

ಭಾನುವಾರ ರಾತ್ರಿ ಎಂಟಕ್ಕೆ ಶಟರ್ ಅರ್ಧ ಇಳಿಸುತ್ತೇನೆ.
ಜೆರಾಕ್ಸ್ ಮಿಷನ್ನಿನ ಬೆನ್ನು ಇನ್ನೂ ಬಿಸಿ.
ಅದರ ಮೇಲೆಯೇ ನಕ್ಷೆ ಹಾಸುತ್ತೇವೆ:
ಗೋರಿಗಳ ಊರು, ಕೆಳಗೆ ಏಳು ಸುರಂಗ,
ಕೊನೆಯ ಕೋಣೆಯಲ್ಲಿ ಅವನು.

ವೊರ್ಗಾತ್ರಾಸ್ ಅಂತ ಹೆಸರಿಟ್ಟಿದ್ದೆ, ಮೂರು ರಾತ್ರಿ ಯೋಚಿಸಿ.
ಸುಹೇಲನ ನಾಲಿಗೆ ಹೊರಳಲಿಲ್ಲ. ಒಣಕಲಯ್ಯ ಅಂದುಬಿಟ್ಟ.
ಅಷ್ಟೇ. ನಾನೂರು ವರ್ಷದ ಮಾಂತ್ರಿಕ
ಮಂಡ್ಯದ ಗುತ್ತಲು ರಸ್ತೆಯಲ್ಲಿ
ಒಣಕಲಯ್ಯನಾಗಿ ಹೋದ.

ನಿಯಮ ಓದಿ ಹೇಳಿದೆ:
ಸಾವು ಬರುವ ಮೊದಲೇ ಸಾಯಬೇಕು,
ತಾನೇ ಕಾಸಿದ ವಿಷ ತಾನೇ ಕುಡಿದು.
ಅಂಗಿ ಬಿಚ್ಚಿದ ಹಾಗೆ ಜೀವ ಬಿಚ್ಚಿ
ಒಂದು ಡಬ್ಬಿಯೊಳಗೆ ಮಡಿಸಿಡಬೇಕು.
ಆಮೇಲೆ ಮೈಯನ್ನು ಯಾರು ಸುಟ್ಟರೇನು, ಕಡಿದರೇನು,
ಡಬ್ಬಿ ಇರುವ ತನಕ
ಹತ್ತು ದಿನಕ್ಕೆ ಹೊಸ ಮೂಳೆ.
ಆಗಾಗ ಅದಕ್ಕೆ ಬೇರೆಯವರ ಜೀವ ಉಣಿಸಬೇಕು,
ಅದೊಂದೇ ಖರ್ಚು.

"ಗಿಳಿಯೊಳಗೆ ಪ್ರಾಣ ಇಟ್ಟ ರಾಕ್ಷಸನ ಕಥೆಯಲ್ವಾ ಇದು?"
ಜಯಶೀಲ ಕೇಳಿದಳು. ಅಲ್ಲ ಅಂದೆ.
ಆ ರಾಕ್ಷಸ ಗಿಳಿಗೆ ಹಣ್ಣು ತಿನ್ನಿಸುತ್ತಿದ್ದ,
ಅದು ಸೀನಿದರೆ ರಾತ್ರಿಯಿಡೀ ಎದ್ದಿರುತ್ತಿದ್ದ.
ಡಬ್ಬಿ ಸೀನುವುದಿಲ್ಲ.

ಮರಿಲಿಂಗ ಕೇಳಿಸಿಕೊಳ್ಳುತ್ತಿರಲಿಲ್ಲ.
ಅವನ ಯೋಧನ ಹಾಳೆಯಲ್ಲಿ ಪ್ರಾಣದ ಅಂಕಿ ಬರೆಯುವ ಜಾಗ
ರಬ್ಬರಿನಿಂದ ಉಜ್ಜಿ ಉಜ್ಜಿ ತೂತಾಗಿತ್ತು.
"ಲ್ಯಾಮಿನೇಶನ್ ಮಾಡ್ಕೊಡು. ಇನ್ನೆಂದೂ ಹರಿಯಲ್ಲ."
ಮಾಡ್ಬೋದು ಕಣೋ, ಅಂದೆ,
ಆದ್ರೆ ಏಟು ಬಿದ್ರೆ ಅಳಿಸೋಕಾಗಲ್ಲ,
ಗೆದ್ರೆ ಬರೆಯೋಕೂ ಆಗಲ್ಲ.
ಹದಿನಾಲ್ಕು ಅಂದ್ರೆ ಯಾವತ್ತೂ ಹದಿನಾಲ್ಕು.
ಹೇಳುತ್ತಿರುವಾಗಲೇ ಗೊತ್ತಾಯಿತು
ಒಣಕಲಯ್ಯ ತನಗೆ ತಾನು ಏನು ಮಾಡಿಕೊಂಡಿದ್ದಾನೆ ಅಂತ.

ಇಪ್ಪತ್ತು ಮುಖದ ದಾಳ ಉರುಳಿತು. ಹತ್ತೊಂಬತ್ತು.
ಸುಹೇಲನ ಕೊಡಲಿ. ಒಣಕಲಯ್ಯ ಪುಡಿ ಪುಡಿ.
ಕುಣಿದರು. ಪಂಚರ್ ಅಂಗಡಿಯವರು ಆ ಕಡೆಯಿಂದ ಗೋಡೆ ಗುದ್ದಿದರು.
ಮರಿಲಿಂಗ ಏಳಲಿಲ್ಲ.
ಕೀಲಾರದಲ್ಲಿ ಅವರಪ್ಪನದು ಎರಡೆಕರೆ ಕಬ್ಬು.
"ಕಡುದ್ರೆ ಏನ್ ಬಂತು? ಕೂಳೆ ಉಳ್ಕಂಡದಲ್ಲ.
ನೀರು ಕಟ್ಟುದ್ರೆ ತಿರ್ಗ ಬತ್ತದೆ."
ಆಮೇಲೆ ದಾಳವನ್ನು ಅಂಗೈಯಲ್ಲಿ ಹೊರಳಿಸುತ್ತ,
"ಮೊದಲ್ನೇ ಕೂಳೆ ಜೋರು. ಎರಡ್ನೇದು ಪರವಾಗಿಲ್ಲ.
ನಾಕ್ನೇದಕ್ಕೆ ಗಿಣ್ಣು ಹತ್ರ ಹತ್ರ, ರಸ ಇಲ್ಲ, ಬರೀ ಸಿಪ್ಪೆ.
ನಮ್ಮಪ್ಪನೇ ಬೈಕಂಡು ಬೈಕಂಡು ಗುದ್ಲಿ ತಕಂಡು ಅಗೀತಾನೆ.
ನಿಮ್ಮಯ್ಯಂದು ಎಷ್ಟ್ನೇ ಕೂಳೆ?"

ಪುಸ್ತಕದಲ್ಲಿ ಉತ್ತರವಿರಲಿಲ್ಲ.
ನಲವತ್ತನೇದು ಅಂದೆ, ಬಾಯಿಗೆ ಬಂದದ್ದು.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಎಲ್ಲರೂ ಹೋದ ಮೇಲೆ, ಆಡಿಸುವವಳು ಮಾಡಬಾರದ ಕೆಲಸ,
ಡಬ್ಬಿಯನ್ನು ಏಳನೇ ಸುರಂಗದಿಂದ ತೆಗೆದು
ನಕ್ಷೆಯ ಬಾಗಿಲ ಪಕ್ಕದಲ್ಲೇ ಗುರುತು ಹಾಕಿದೆ,
ಯಾರಾದರೂ ಎಡವಲಿ ಅಂತ.

ಬೆಳಿಗ್ಗೆ ನವೆಂಬರಿನ ಸಾಲು.
ಪಿಂಚಣಿಯವರು, ಬದುಕಿದ್ದೇನೆ ಎಂಬ ಸರ್ಟಿಫಿಕೇಟಿಗೆ.
ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ದೇವೀರಮ್ಮನ ಹೆಬ್ಬೆರಳು
ಮಿಷನ್ನಿಗೆ ಹಿಡಿಸಲೇ ಇಲ್ಲ.
ಐದು ಸಲ ಒತ್ತಿದರೂ ಕೆಂಪು ದೀಪ.
ಬೂದಿ, ಹುಣಸೆಹಣ್ಣು, ದೊಡ್ಡ ದೊಡ್ಡ ತಪ್ಪಲೆ;
ಗೆರೆಗಳೆಲ್ಲ ಅಲ್ಲಿಗೇ ಹೋಗಿವೆ.
"ನಾನಿಲ್ವಂತಾ?" ಅಂತ ನಕ್ಕರು.
ಬೆರಳನ್ನು ಬಾಯಿಗಿಟ್ಟು ತೇವ ಮಾಡಿ
ಸೆರಗಿಗೆ ಒರೆಸಿ
ಮತ್ತೆ ಗಾಜಿನ ಮೇಲಿಟ್ಟರು.

ನಾನು ಉಸಿರು ಹಿಡಿದೆ,
ದಾಳ ಇನ್ನೂ ನಿಲ್ಲದಿರುವಾಗ ಹಿಡಿಯುವ ಹಾಗೆ.