ಪಂಚನಾಮೆಗೆ ಸಹಿ

ಬನಹಟ್ಟಿ ಪೊಲೀಸರಿಗೆ ನನ್ನ ಮನಿ ಗೊತ್ತು.
ರಾತ್ರಿ ಎಷ್ಟೊತ್ತಾದರೂ ಬಂದು ಬಾಗಿಲ ಬಡೀತಾರ:
"ಜಾಬರ್ ಸಾಹೇಬ್ರ, ಏಳ್ರಿ, ಒಂದು ಪಂಚನಾಮೆ ಐತಿ."

ಕದ್ದವರು ಸಿಗತಾರ, ಕದ್ದ ಮಾಲೂ ಸಿಗತೈತಿ,
ಸಿಗದೇ ಇರೂದು ಅದರ ಹೆಸರು.
ಹೊಸಾ ಹವಾಲ್ದಾರ ಬರೀತಾನ:
ಕಬ್ಬಿಣದ ಉದ್ದನ್ನ ವಸ್ತು, ಒಂದು.
ಹಲ್ಲಿದ್ದ ದುಂಡನ್ನ ವಸ್ತು, ನಾಕು.
ಗೀಟು ಹೊಡೀರಿ ಅಂತೀನಿ, ಬರಕೋರಿ:
ಇದು ಸ್ಪಿಂಡಲ್. ಇವು ಡ್ರಾಫ್ಟಿಂಗಿನ ಗಾಲಿ.
ಇದು ಏಳನೇ ನಂಬರ್ ಫ್ರೇಮಿನ ರೋಲರ್,
ಎಡಕ್ಕೊಂದು ಗಾಯ ಐತಿ ನೋಡ್ರಿ,
ತೊಂಬತ್ತೊಂದರಾಗ ನನ್ನ ಕೈಯಾನ ಪಾನಾ ಬಿದ್ದದ್ದು.

ಠಾಣೆದ ಹಿತ್ತಲಿನ ಮುದ್ದೆಮಾಲಿನ ಕೋಣ್ಯಾಗ
ಕಳ್ಳಭಟ್ಟಿ ಕ್ಯಾನು, ಓಸಿ ಚೀಟಿ, ರಕ್ತ ಹತ್ತಿದ ಕುಡಗೋಲ,
ಅವುಗಳ ಬಾಜೂಕ ನಮ್ಮ ಗಿರಣಿ ಅರ್ಧಾ ಕುಂತೈತಿ
ಕೊರಳಿಗೆ ಚೀಟಿ ಕಟಗೊಂಡು,
ಕೋರ್ಟಿನ ತಾರೀಖ ಕಾಯಕೋತ.

ಭೋಂಗಾ ನಿಂತದ್ದು ಒಂದು ಮಂಗಳವಾರ.
ಯಾರೂ ಅಳಲಿಲ್ಲ. ಪಗಾರ ಬಾಕಿ ಇತ್ತಲ್ಲ,
ಬಾಕಿ ಇರೂ ಮಟ ಸತ್ತಾಂಗಲ್ಲ ಅಂತ ತಿಳದಿದ್ವಿ.
ಮೊದಲ ಹೋದದ್ದು ತಾಮ್ರ,
ಗೋಡಿಯೊಳಗಿನ ವಾಯರು, ಮೋಟಾರಿನ ಸುರಳಿ.
ಆಮ್ಯಾಲೆ ಕಿಡಿಕಿ ಸಳಿ, ಪಾಯಖಾನಿ ಬಾಗಲಾ,
ಕಡೀಕ ಭೋಂಗಾನೂ.
ಮೋಡಕಾ ಅಂಗಡಿ ತಕ್ಕಡ್ಯಾಗ ಇಟ್ರ
ಮೂರೂ ಪಾಳಿ ಎಬ್ಬಸ್ತಿದ್ದ ಆ ದನಿ
ಹನ್ನೊಂದು ಕಿಲೋ ತೂಗಿತು.

ನಡಕ ಸರಕಾರ ಒಂದು ಬೋರ್ಡು ನೆಟ್ಟಿತು:
ಜವಳಿ ಪಾರ್ಕು, ಎರಡು ಸಾವಿರ ಕೈಗೆ ಕೆಲಸ.
ಆರು ತಿಂಗಳಿಗೆ ಬೋರ್ಡಿನ ಕಾಲ ಕೊಯ್ದು ಒಯ್ದ್ರು.
ಅದರ ಪಂಚನಾಮೆಗೂ ನಂದಽ ಸಹಿ.

ಹ್ವಾದ ಶ್ರಾವಣದಾಗ ಸಿಕ್ಕಾಂವ ಲಗಮ,
ವೈಂಡಿಂಗ್ ಖಾತೆದ ಕಾಡವ್ವನ ಮಗ.
ಅವರು ಹೊಡ್ಯಾಕತ್ತಿದ್ರು, ನಾ ಫ್ರೇಮ್ ನೋಡಾಕತ್ತಿದ್ದೆ.
ಒಂದು ಬೋಲ್ಟಿನ ತಲಿ ಕೆಟ್ಟಿಲ್ಲ, ಒಂದು ಆಟೆ ಸವದಿಲ್ಲ.
ಉಳದ ಕಳ್ಳರು ಸುತ್ತಿಗಿಲೆ ಒಡೀತಾರ,
ಇಂವ ಬಿಚ್ಚಿದ್ದ.
"ಯಾರ ಕಲಿಸ್ಯಾರೋ?" ಅಂದೆ.
"ನಿಮ್ಮ ಬೆನ್ನ ಹಿಂದ ನಿಂತು ಕಲತದ್ರಿ, ಕಾಕಾ.
ಅವ್ವಗ ಬುತ್ತಿ ತರ್ತಿದ್ದೆನಲ್ಲ."
ಸಹಿ ಮಾಡಿದೆ. ಅವತ್ತ ಅಕ್ಷರ ಸೊಟ್ಟ ಬಿದ್ದಾವ,
ಈಗೂ ಕಾಗದದಾಗ ನೋಡಬಹುದು.

ಜಾಮೀನಿಗೆ ನಿಂತಾಕಿ ಹಜರತಬಿ.
ಇಚಲಕರಂಜಿಯಿಂದ ಹನ್ನೆರಡು ಹಳೇ ಮಗ್ಗ ತಂದು
ಗಿರಣಿ ಹಿಂದಿನ ಹತ್ತಿ ಗೋದಾಮು ಬಾಡಿಗಿ ಹಿಡದಾಳ.
"ಬಿಚ್ಚಾಕ ಬರೂವಾಂಗ ಜೋಡಸಾಕ ಬರೂದಿಲ್ಲೇನು?" ಅಂದ್ಲು.
ಹವಾಲ್ದಾರ ನಕ್ಕ: ಹಾಲ ಕಾಯಾಕ ಬೆಕ್ಕು ಇಟ್ಟಾಳ.
ಬೆಕ್ಕಿನ ಜೋಡಿ ನನ್ನನ್ನೂ ಕರದ್ಲು,
ದಿನಾ ಎರಡು ತಾಸು, ಚಾ ಅಕೀದು.

ಈಗ ಸೀರಿ ಇಳೀತಾವ. ಬಣ್ಣ ಒಂಚೂರು ಬಿಡತಾವ.
ಕರೆಂಟಿನ ಬಿಲ್ ಬಂದ ದಿನ ಅಕಿ ಯಾರ ಕೂಡಾನೂ ಮಾತಾಡೂದಿಲ್ಲ.
ಊರು ಎದ್ದು ಕುಂತೈತಿ ಅನ್ನಂಗಿಲ್ಲ ನಾ,
ಮಗ್ಗಲಾ ಬದಲಿಸೇತಿ, ಅಷ್ಟ.
ಲಗಮ ಮಗ್ಗಕ್ಕ ಕಿವಿ ಹಚ್ಚಿ ಹೇಳತಾನ,
ಯಾವ ಬೇರಿಂಗ್ ಅಳಾಕತ್ತೈತಿ ಅಂತ.
ನಾ ಸಂಜೀಕ ಮೋಟಾರ ಎಣಸ್ತೀನಿ,
ಎಣಸು ಅಂತ ಯಾರೂ ಹೇಳಿಲ್ಲ.
ದಿನಾ ಹನ್ನೆರಡು.

ಇವತ್ತ ಹನ್ನೊಂದು.
ಲಗಮನೂ ಇಲ್ಲ.
ಸುಟ್ಟಿರಬೇಕು, ಸುರಳಿ ಸುತ್ತಿಸಾಕ ಜಮಖಂಡಿಗೆ ಒಯ್ದಿರಬೇಕು.
ಮೋಡಕಾದಾಂವನ ಅಂಗಡಿನೂ ಅದಽ ರಸ್ತೇದಾಗ ಐತಿ.
ಹಜರತಬಿ ಕಡೆ ಕೇಳಬಹುದಿತ್ತು, ಕೇಳಲಿಲ್ಲ.
ಹವಾಲ್ದಾರನ ನಂಬರು ಫೋನಿನ್ಯಾಗ ಐತಿ, ಒತ್ತಲಿಲ್ಲ.
ಬಸ್ ಸ್ಟ್ಯಾಂಡಿನ ಕಟ್ಟಿ ಮ್ಯಾಲೆ ಬಂದು ಕುಂತೀನಿ,
ಪೆನ್ನು ಮನ್ಯಾಗ ಉಳದೈತಿ,
ಕಿಸೇದಾಗ ಹದಿನಾಕರ ಪಾನಾ ಒಂದಽ.
ಮೋಟಾರ ಬಂದ್ರ ಕೂಡ್ರಸಬೇಕಲ್ಲ.

ಎಂಟೂವರಿದು ಬಂತು.
ಮಂದಿ ಇಳದ್ರು, ಕೋಳಿ ಬುಟ್ಟಿ ಇಳೀತು,
ಅಂವ ಇಳೀಲಿಲ್ಲ.
ಇನ್ನೊಂದು ಬಸ್ಸು ಐತಿ.