ಮೂರು ಸುತ್ತು ಸೊನ್ನಿ

ದಾವಲಮಲಿಕ್ ಬಂದ, ತಳ್ಳೋ ಗಾಡಿ ಹೊರಗ ನಿಲ್ಲಿಸಿ,
ತಕ್ಕಡಿ ಹೆಗಲಿಗೆ ಹಾಕ್ಕೊಂಡು.
"ಅಕ್ಕಾರ, ಹಳೇ ಡಬ್ಬಿ ಒಯ್ಯಲೇನು?"
ನಾಳೆ ಬಾರಪಾ ಅಂದೆ.
ಒಳಗಿಂದು ಇನ್ನೂ ಅಳಿಸಿಲ್ಲ.

"ಡಿಲೀಟ್ ಹೊಡೀರಿ, ಮುಗೀತು."
ಅಷ್ಟಕ್ಕ ಮುಗಿಯೂದಿಲ್ಲೋ ತಮ್ಮಾ.
ಡಿಲೀಟ್ ಅಂದ್ರ ಬಾಗಿಲ ಮ್ಯಾಲಿನ ಹೆಸರಿನ ಹಲಗಿ ಕಿತ್ತಂಗ.
ಒಳಗಿನವರು ಉಂಡು ಮಲಗಿರ್ತಾರ, ಹಂಗಽ.

ನವನಗರದ ಈ ಝೆರಾಕ್ಸ್ ಅಂಗಡ್ಯಾಗ
ಹದಿನಾರು ವರ್ಷ ಊರ ಮಂದಿ ಕಾಗದ ಬಡದೀನಿ.
ಬಾಡಿಗಿ ಕರಾರು, ಹಿಸ್ಸೆ ಜಗಳ,
ಹುಟ್ಟಿದ ತಾರೀಖು ತಿದ್ದೋ ಅರ್ಜಿ
(ಒಬ್ಬಾಕಿಗೆ ಮೂರು ಸಲ, ಮೂರು ವಯಸ್ಸು),
ಕೈಲಾಸವಾಸಿ ಅಂತ ಹೊಡದು
ಮಗಳು ಸಿಟ್ಟಾದ ಮ್ಯಾಲ ಲಿಂಗೈಕ್ಯ ಅಂತ ತಿದ್ದಿದ ಕಾರ್ಡು,
ಆಧಾರಿನಾಗ ಕಳ್ಳರಂಗ ಕಾಣೋ ಒಳ್ಳೇ ಮಾರಿಗಳು.
"ಪಾಸ್‌ವರ್ಡ್ ನೀವಽ ನೆನಪಿಟ್ಕೋರಿ ಅಕ್ಕಾ"
ಅಂದು ಚಪ್ಪಲಿ ಮೆಟ್ಟಿ ಹೋದವರು.
ಯಾರ ಹೆಸರೂ ಹೇಳೂದಿಲ್ಲ.
ಹೇಳಬಾರದಂತಽ ರಾತ್ರಿ ಕುಂತೀನಿ.

ಷಟರ್ ಅರ್ಧ ಇಳಿಸಿ ಪೆನ್‌ಡ್ರೈವ್ ಚುಚ್ಚಿದೆ.
ಕರಿ ಪರದೆ ಕೇಳಿತು: ಎಷ್ಟು ಸುತ್ತು?
ಒಂದಽ ಸಾಕು ಅಂತಾರ ತಿಳಿದವರು.
ನಾ ಮೂರು ಒತ್ತಿದೆ.

ಯಾಕಂದ್ರ ನಮ್ಮ ಹಳೇ ಮನಿ ಹಿನ್ನೀರಾಗ ಹೋಗೇತಿ.
ಕಾಗದದಾಗ ಹೋದದ್ದು ಮೊದಲು, ನೀರಾಗ ಆಮ್ಯಾಲ.
ಆದರೂ ಒಂದು ಬ್ಯಾಸಗಿ ನೀರು ಹಿಂದ ಸರದಾಗ
ಅವ್ವ ಬೊಟ್ಟು ಮಾಡಿದ್ಲು,
"ಅಕಾ ಅಲ್ಲಿ, ಒಳಕಲ್ಲು. ನಮ್ದಽ."

ಸೊನ್ನಿ ಸೊನ್ನಿ ಸೊನ್ನಿ.
ನಾಲ್ಕು ಪರ್ಸೆಂಟಿಗೆ ಚಾ ಕುಡದೆ.
ಹದಿನೊಂದಕ್ಕ ಲೈಟು ಹೋತು, ಯುಪಿಎಸ್ ಕೂಸಿನಂಗ ಚೀರಿತು,
ಬಂತು.
ಮೂವತ್ತೊಂದಕ್ಕ ನಿಂತಽಬಿಟ್ಟಿತು:
ಕೆಟ್ಟ ಸೆಕ್ಟರ್, ಬರಿಯಾಕ ಆಗವಲ್ದು.

ಒಬ್ಬಾಕಿನಽ ನಕ್ಕೆ.
ಈ ಊರಾಗ ಸೆಕ್ಟರ್ ಅಂದ್ರ ವಿಳಾಸ,
ಮದುವಿ ಕಾರ್ಡಿನಾಗ ಸೈತ ಸೆಕ್ಟರ್ ನಂಬರ್ ಹಾಕ್ತೀವಿ.
ಇದು ಯಾರ ಮನಿ, ಇಷ್ಟೊತ್ತಿನಾಗ ಬಾಗಿಲ ತೆಗೀವಲ್ರು?

ನಗಿ ಅಲ್ಲಿಗಽ ನಿಂತಿತು.
ಹಸರು ಇಳಕಲ್ ಸೀರ್ಯಾಕಿ,
ಮುಂಗೈ ಮ್ಯಾಲ ಸುಟ್ಟ ಕಲಿ.
ಗಂಡನ ಮ್ಯಾಲ ಅರ್ಜಿ.
ಎರಡು ಪುಟ ಗಟ್ಟಿ ದನಿಯಾಗ ಹೇಳಿ ಬರೆಸಿದ್ಲು,
ಮೂರನೇದಕ್ಕ "ಆವಾಗ ಅವರು" ಅಂದ್ಲು,
ಮುಂದ ಹೇಳಲಿಲ್ಲ.
ಗಲ್ಲಾದ ಮ್ಯಾಲ ಇಪ್ಪತ್ತು ರೂಪಾಯಿ ಇಟ್ಟು
ನಾಳೆ ಬರ್ತೀನ್ರಿ ಅಂದ್ಲು.
ಆರು ವರ್ಷಾತು.

ಡಬ್ಬಿ ರಿಪೇರಿಗೆ ಹೋದಾಗೆಲ್ಲ
ಆ ಫೈಲು ಬ್ಯಾರೆ ತಗದಿಟ್ಟೀನಿ. ಬಂದ್ರ?
ಇವತ್ತು ಸಂಜೀಕ ಕಡೀ ಸಲ ತೆಗದು ನೋಡಿದೆ.
ಆವಾಗ ಅವರು,
ಅದರ ಮುಂದ ಕರ್ಸರ್ ಮಿಟುಕತಿತ್ತು,
ನಾನಽ ಹೇಳ್ತೀನಿ ಅಂತ ಕಾಯ್ಕೊಂಡು.
ಒಂದು ಪ್ರಿಂಟ್ ತಗೀಲೇನು ಅನಿಸ್ತು.
ಯಾರ ಕೈಗೆ ಸಿಗಲಿ ಅಂತ ತಗೀಲಿ?
ಮುಚ್ಚಿದೆ.

ಬೆಳಕು ಹರಿಯೂದರಾಗ ಮೂರು ಸುತ್ತು ಆತು.
ಅದೊಂದು ಸೆಕ್ಟರ್ ಬಿಟ್ಟು.

ದಾವಲ ಬಾಜೂದ ಕಿಟಕಿ ಅಂಗಡಿಂದ ಡ್ರಿಲ್ ತಂದ.
ಸ್ಕ್ರೂ ಬಿಚ್ಚಿದ್ರ ಒಳಗ
ತಿಕ್ಕಿ ಬೋರಲಾಕಿದ ಗಂಗಾಳದಂಗ ಹೊಳಿಯೋ ತಟ್ಟಿ.
ಒಂದಕ್ಷರ ಇಲ್ಲ.
ಹದಿನಾರು ವರ್ಷದ್ದು ಕಾಣತಾವೇನೋ ಅನಕೊಂಡಿದ್ದೆ, ಹುಚ್ಚಿ.
"ಎಲ್ಲಿ ಹೊಡೀಲಿ ಅಕ್ಕಾರ?"
ಎಲ್ಲಿ ಅಂತ ನನಗೇನು ಗೊತ್ತು.
ನಾಕು ಕಡೆ ಹೊಡಿ ಅಂದೆ.
ಬೆಳ್ಳಿ ಹುಡಿ ಅವನ ಮೀಸಿಗೆ ಹತ್ತಿತು.

ತಕ್ಕಡಿಗೆ ಹಾಕಿದ. ಆರುನೂರು ಗ್ರಾಂ.
"ಖಾಲಿ ಮಾಡೀನಲ್ಲೋ, ಕಮ್ಮಿ ಆಗಿಲ್ಲೇನು?"
ನನ್ನ ಮಾರಿ ನೋಡಿದ, ಚಾಷ್ಟಿ ಅನಕೊಂಡ.
"ತುಂಬಿದ್ರೂ ಅಷ್ಟಽ ಅಕ್ಕಾರ, ಬರಿದಾದ್ರೂ ಅಷ್ಟಽ."

ಅವ ಕೊಟ್ಟ ರೊಕ್ಕ ಗಲ್ಲಾಕ್ಕ ಹಾಕೂ ಮುಂದ
ಮೂಲ್ಯಾಗಿನ ಮಡಚಿದ ಇಪ್ಪತ್ತರ ನೋಟು ಕೈಗೆ ಹತ್ತಿತು.
ಅದನ್ನ ಮುಟ್ಟಲಿಲ್ಲ.
ಹೊಸ ಡಬ್ಬಿ ಚಾಲೂ ಮಾಡಿ,
ಆಗಲೇ ಬಂದು ಹೊಸ್ತಿಲಕ್ಕ ನಿಂತಾಕಿಗೆ,
ಕುಂಡ್ರು ಬಾರವಾ, ಅಂದೆ,
ಏನು ಬರೀಲಿ?